ಎಂಬತ್ತೇಳು ಪಾಯಿಂಟ್ ನಾಲ್ಕು: ಒಂದು ವಿವರಣಾ ಪತ್ರದ ಕರಡುಗಳು

1

ಎಲ್ಲಿಂದ ಶುರು ಮಾಡಬೇಕು ಅನ್ನೋದೇ ತಿಳಿಯುತ್ತಿಲ್ಲ. ವಿಶ್ವವಿದ್ಯಾಲಯದವರು ಕೇಳಿರುವುದು ಒಂದೇ ಒಂದು ಪುಟ. "ಅರ್ಜಿಯಲ್ಲಿ ನಮೂದಿಸಿದ ಅಂಕಕ್ಕೂ ಮೂಲ ಅಂಕಪಟ್ಟಿಗೂ ವ್ಯತ್ಯಾಸವಿರುವ ಕಾರಣ, ಅರ್ಜಿ ಭರ್ತಿ ಮಾಡಿದವರು ಸಹಿ ಮಾಡಿದ ವಿವರಣಾ ಪತ್ರ ಸಲ್ಲಿಸತಕ್ಕದ್ದು." ಗಡುವು ನಾಳೆ ಬೆಳಿಗ್ಗೆ ಹನ್ನೊಂದು ಗಂಟೆ. ಭರ್ತಿ ಮಾಡಿದವಳು ನಾನು. ಸೀಟು ಹೋದರೆ ಹೋಗುವುದು ಮಗಳದು.

ಇಲ್ಲಿಯವರೆಗೆ ಏಳು ಪುಟ ಬರೆದಿದ್ದೇನೆ. ಮೊದಲನೆಯದು "ಮಾನ್ಯರೇ" ಅಂದು ಅಲ್ಲೇ ಕೂತುಬಿಟ್ಟಿದೆ. ಎರಡನೆಯದು "ನನ್ನ ಮಗಳು ಹುಟ್ಟಿದ ದಿನ" ಅಂತ ಶುರುವಾಗಿತ್ತು. ನಮ್ಮನೆಯವರು ಅದನ್ನು ಓದಿ, "ಅಷ್ಟು ಹಿಂದಿನ ಸ್ಟಾಪಿಂದ ಹೊರಟ್ರೆ ಹನ್ನೊಂದಕ್ಕೆ ಮುಟ್ಟೋದು ಹೇಗೇ?" ಅಂದು ಮಲಗಿದರು. ಅವರು ಬಸ್ ಡ್ರೈವರು. ಜೀವನದಲ್ಲಿ ಒಂದು ಸಲವೂ ಲೇಟಾಗಿ ಬಿಟ್ಟವರಲ್ಲ. ನಾನು ಒಂದು ಸಲವೂ ಹೇಳಿದ ದಿನಕ್ಕೆ ಬಟ್ಟೆ ಕೊಟ್ಟವಳಲ್ಲ. (ಸಂಸಾರ ಹೇಗೋ ನಡೆದಿದೆ.)

ಹೌದು, ನಾನು ಟೈಲರ್. ಮೂರು ಶಾಲೆಯ ಯೂನಿಫಾರ್ಮ್ ನನ್ನ ಅಂಗಡಿಯಿಂದಲೇ ಹೋಗುತ್ತದೆ. ಇದನ್ನು ಬರೆಯುತ್ತಿರುವುದೂ ಕಟಿಂಗಿಗೆ ಇಟ್ಟ ಖಾಕಿ ಕಾಗದದ ಹಿಂಬದಿಯಲ್ಲಿ. ಮುಂಬದಿಯಲ್ಲಿ ಆರನೇ ಕ್ಲಾಸಿನ ಸ್ಕರ್ಟಿನ ಕಾಲು ಭಾಗ ಇದೆ. ಓದುಗರೇ, ಸಾಲುಗಳು ಒಂದು ಕಡೆ ಸೊಟ್ಟಗೆ ಬಾಗಿವೆ ಅನಿಸಿದರೆ ಅದು ಆಧುನಿಕ ಶೈಲಿ ಅಂದುಕೊಳ್ಳಬೇಡಿ. ಅಲ್ಲಿ ಸೊಂಟ ಬರುತ್ತದೆ.

ಆಫೀಸಿನವರಿಗೆ ಒಂದು ಪುಟ. ಉಳಿದದ್ದೆಲ್ಲ ನಿಮಗೆ.

2

ಲೆಕ್ಕ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಗೋಳು.

ಆ ವಿಶ್ವವಿದ್ಯಾಲಯದಲ್ಲಿ ಇವಳು ಕೇಳಿದ ವಿಷಯಕ್ಕೆ ಅರವತ್ತು ಸೀಟು. ಅರ್ಜಿ ಹಾಕಿದವರು ಒಂಬತ್ತು ಸಾವಿರ. ಶಾಲೆಯ ಕೊನೆಯ ಮೂರು ವರ್ಷದ ಸರಾಸರಿಗೆ ಅರ್ಧ ತೂಕ, ಅವರೇ ನಡೆಸುವ ಪ್ರವೇಶ ಪರೀಕ್ಷೆಗೆ ಇನ್ನರ್ಧ. ಇವಳ ಮೂರು ವರ್ಷ: 90.1, 81.9, 90.2. ಸರಾಸರಿ 87.4. ಅರ್ಜಿಯಲ್ಲಿ ಇರುವುದು 88.00.

ಮಧ್ಯದ ಆ ಎಂಬತ್ತೊಂದು ಪಾಯಿಂಟ್ ಒಂಬತ್ತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಅಲ್ಲಿಗೆ ಬರುತ್ತೇನೆ. ಬರದೆ ತಪ್ಪಿಸಿಕೊಳ್ಳಲು ನೋಡಿದರೆ ನೀವೇ ಕೈ ಹಿಡಿದು ಎಳೆಯಿರಿ.

2 (ಮತ್ತೊಮ್ಮೆ, ಏಕೆಂದರೆ ಮೇಲಿನದರಲ್ಲಿ ಮಗಳು ಎಲ್ಲೂ ಕಾಣಲಿಲ್ಲ)

ಮನೆಯಲ್ಲಿ ಅವಳನ್ನು ಬಾಬಿನ್ ಅಂತ ಕರೆಯುತ್ತೇವೆ. ಮೆಷಿನ್ನಿನ ಹೊಟ್ಟೆಯೊಳಗೆ ಕೂತು ಕೆಳಗಿನಿಂದ ದಾರ ಕೊಡುತ್ತದಲ್ಲ, ಆ ಪುಟ್ಟ ಉರುಳೆ. ಇವಳೂ ಎರಡು ವರ್ಷದವಳಿದ್ದಾಗ ಮೆಷಿನ್ನಿನ ಕೆಳಗೇ ಇರುತ್ತಿದ್ದಳು, ಚೂರುಬಟ್ಟೆಯ ಗುಡ್ಡೆಯ ಮೇಲೆ. ನನ್ನ ಕಾಲು ಪೆಡಲ್ ತುಳಿಯುವಾಗ ಅವಳ ಕೈ ನನ್ನ ಇನ್ನೊಂದು ಕಾಲಿನ ಹೆಬ್ಬೆರಳು ಹಿಡಿದಿರುತ್ತಿತ್ತು. ಹಿಡಿತ ಸಡಿಲವಾದರೆ ನಿದ್ದೆ ಬಂತು ಅಂತ ಅರ್ಥ. ಆಗ ನಾನು ಇನ್ನೂ ಜೋರಾಗಿ ತುಳಿಯುತ್ತಿದ್ದೆ.

ಅಂಕಿ ಕಲಿತದ್ದು ನನ್ನ ಅಳತೆ ಟೇಪಿನಿಂದ. ಹಳದಿ ಟೇಪು ನೆಲದ ಮೇಲೆ ಚಾಚಿ ಅದರ ಪಕ್ಕ ಅಂಬೆಗಾಲಿಟ್ಟುಕೊಂಡು ಒಂದು, ಎರಡು ಅಂತ ಹೋಗುತ್ತಿದ್ದಳು. ಟೇಪು ಅರವತ್ತು ಇಂಚಿಗೆ ಮುಗಿಯುತ್ತದೆ. "ಅರವತ್ತಾದ್ಮೇಲೆ ಏನಮ್ಮಾ?" ಅಂತ ಒಂದು ದಿನ ಕೇಳಿದಳು. ಕೈತುಂಬ ಕೆಲಸ. "ಅರವತ್ತಾದ್ಮೇಲೆ ಏನೂ ಇಲ್ಲ, ಟೇಪು ಮುಗೀತು," ಅಂದೆ.

ಶಾಲೆಗೆ ಸೇರಿಸಿದ ಮೊದಲ ವಾರ ಟೀಚರು ನನ್ನನ್ನು ಕರೆಸಿದರು. "ನೂರರ ತನಕ ಹೇಳು ಅಂದ್ರೆ ಅರವತ್ತಕ್ಕೆ ನಿಲ್ತಾಳೆ. ಮುಂದೆ ಹೇಳು ಅಂದ್ರೆ, ಮುಂದೆ ಇಲ್ಲ ಟೀಚರ್, ಮುಗೀತು ಅಂತಾಳೆ. ನಂಗೇ ಬುದ್ಧಿ ಹೇಳ್ತಾಳಲ್ರೀ!"

ಅರವತ್ತರಿಂದಾಚೆ ಅಂಕಿಯೇ ಇಲ್ಲ ಅಂದುಕೊಂಡಿದ್ದ ಆ ಮಗು ಈಗ ಪ್ರವೇಶ ಪರೀಕ್ಷೆಯಲ್ಲಿ ತೊಂಬತ್ತೊಂದು ಪಾಯಿಂಟ್ ಎರಡು ತೆಗೆದುಕೊಂಡು ಕೂತಿದೆ.

(ಕಾಗದದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದದ್ದು, ನನ್ನ ಅಕ್ಷರವಲ್ಲ: "ಅಮ್ಮಾ, ಇದು ಆಫೀಸಿಗೆ ಹೋಗೋ ಕಾಗದ ಅಲ್ಲ ತಾನೆ? ಹೆಬ್ಬೆರಳು ಗಿಬ್ಬೆರಳು ಬೇಡ, ಪ್ಲೀಸ್.")

3

ಈ ಕರಡನ್ನು ಹರಿದುಹಾಕಿದ್ದೇನೆ. ಅದರಲ್ಲಿ ತಪ್ಪೆಲ್ಲ ಕಂಪ್ಯೂಟರ್ ಅಂಗಡಿಯ ಅಣ್ಣನದಾಗಿತ್ತು. ಅರ್ಜಿ ತುಂಬಿಸಲು ಹೋದದ್ದು ಅವರಲ್ಲಿಗೆ. ನಾನು ಅಂಕಪಟ್ಟಿ ನೋಡಿ ಹೇಳುತ್ತಾ ಹೋದೆ, ಅವರು ಕುಟ್ಟುತ್ತಾ ಹೋದರು. "ಟೈಪಿಂಗ್ ದೋಷದಿಂದಾಗಿ" ಅಂತ ಚೆನ್ನಾಗಿಯೇ ಬರೆದಿದ್ದೆ. ಭಾಷೆ ಗಂಭೀರವಾಗಿತ್ತು, ಸರ್ಕಾರಿ ಇಸ್ತ್ರಿ ಹಾಕಿದ ಹಾಗೆ.

ಮಗಳು ಅದನ್ನು ಓದಿ, "ನಾಳೆ ಇದನ್ನ ಅಪ್‌ಲೋಡ್ ಮಾಡಿಸೋಕೆ ಯಾರ ಅಂಗಡಿಗೆ ಹೋಗ್ತೀಯಾ?" ಅಂದಳು.

ಅವರದೇ.

"ಅವರ ಮುಂದೇನೇ ಕೊಟ್ಟು ಅವರ ಮೇಲೇ ದೂರು ಸ್ಕ್ಯಾನ್ ಮಾಡಿಸ್ತೀಯಾ?"

ಹರಿದೆ.

4

ಈ ಕರಡು ನನಗೆ ಬಹಳ ಇಷ್ಟ. ಇದರಲ್ಲಿ ನಾನು ಒಳ್ಳೆಯವಳು.

ನಾನು ಕೆಲಸ ಕಲಿತದ್ದು ಒಬ್ಬ ಮುದುಕರ ಹತ್ತಿರ. ಎಲ್ಲರೂ ಅವರನ್ನು ಮಾಸ್ತರು ಅನ್ನುತ್ತಿದ್ದರು. ಕಿವಿಯ ಮೇಲೆ ಪೆನ್ಸಿಲ್, ಬಾಯಲ್ಲಿ ಗುಂಡುಸೂಜಿ. ಗುಂಡುಸೂಜಿಯ ಸಂದಿಯಿಂದಲೇ ಬೈಯುತ್ತಿದ್ದರು. ನಾನು ಮೊದಲ ಸಲ ಒಂದು ಮಗುವಿನ ಶರ್ಟಿಗೆ ಅಳತೆ ತೆಗೆದು, ಉದ್ದ ಹತ್ತೊಂಬತ್ತೂಕಾಲು ಅಂತ ಪುಸ್ತಕದಲ್ಲಿ ಬರೆದೆ. ಅವರು ಅದನ್ನು ನೋಡಿದರು, ಗುಂಡುಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮೇಜಿನ ಮೇಲಿಟ್ಟರು. ಅಂದರೆ ಬೈಗುಳ ದೊಡ್ಡದೇ ಇದೆ ಅಂತ.

"ಈ ಕಾಲು ಯಾರಿಗಮ್ಮಾ? ನೀನು ಹೊಲಿದು ಮುಗಿಸೋದ್ರೊಳಗೆ ಮಗು ಅದನ್ನ ದಾಟಿರತ್ತೆ. ಮಗೂನ ಅಳೀಬೇಡ, ಮುಂದಿನ ವರ್ಷಾನ ಅಳೆ."

ಅಂದಿನಿಂದ ಇಪ್ಪತ್ತಾರು ವರ್ಷ ನನ್ನ ಅಳತೆ ಪುಸ್ತಕದಲ್ಲಿ ಮಕ್ಕಳ ಹೆಸರಿನ ಮುಂದೆ ಕಾಲು, ಅರೆ, ಮುಕ್ಕಾಲು ಇಲ್ಲವೇ ಇಲ್ಲ. ಟೇಪು ಹತ್ತೊಂಬತ್ತೂಕಾಲು ತೋರಿಸಿದರೆ ಬಾಯಿ ಇಪ್ಪತ್ತು ಅನ್ನುತ್ತದೆ. ಅದರ ಮೇಲೆ ಒಳಗೆ ಮಡಿಸಲು ಎರಡು ಇಂಚು ಬೇರೆ. ಕಣ್ಣಿಗೂ ಬಾಯಿಗೂ ನಡುವೆ ಎಲ್ಲೋ ಮಗು ಬೆಳೆದುಬಿಡುತ್ತದೆ.

ಆದ್ದರಿಂದ ಮಾನ್ಯರೇ, ಅಂಕಪಟ್ಟಿಯಲ್ಲಿ ಎಂಬತ್ತೇಳು ಪಾಯಿಂಟ್ ನಾಲ್ಕು ಅಂತ ಕಂಡಾಗ ಈ ಟೈಲರಿನ ಬಾಯಿ ಎಂಬತ್ತೆಂಟು ಅಂದಿತು. ಮೋಸವಲ್ಲ, ಕಸುಬು.

ಚೆನ್ನಾಗಿಲ್ಲವೇ? ಇಲ್ಲಿಗೇ ನಿಲ್ಲಿಸಿದ್ದರೆ ಒಂದು ಪುಟ ಸರಿಯಾಗಿ ತುಂಬುತ್ತಿತ್ತು. ಕೆಳಗೆ ಸಹಿಗೂ ಜಾಗ ಉಳಿಯುತ್ತಿತ್ತು.

ಇವತ್ತು ಮಧ್ಯಾಹ್ನ ಅಂಗಡಿಯಲ್ಲಿ ಇದನ್ನು ಮಗಳಿಗೆ ಓದಿ ಹೇಳಿದೆ. ಅವಳು ಕಟಿಂಗ್ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತು, ಕೈಯಲ್ಲಿದ್ದ ಸೀಮೆಸುಣ್ಣದ ಬಿಲ್ಲೆ ತಿರುಗಿಸುತ್ತಾ ಕೇಳಿಸಿಕೊಂಡಳು. ಮಾಸ್ತರು ಬಂದಾಗ ನಕ್ಕಳು. ಮುಗಿದ ಮೇಲೆ ಕಣ್ಣೊರೆಸಿಕೊಂಡಳು.

(ಪೆನ್ಸಿಲ್: "ನಾನು ಕಣ್ಣೊರೆಸ್ಕೊಳ್ಳಲಿಲ್ಲ. ಸೀಮೆಸುಣ್ಣದ ಪುಡಿ ಬಿತ್ತು. ನಿನ್ನ ಕಥೇಲಿ ಅಳೋ ಮಗಳು ಬೇಕಾದ್ರೆ ಬೇರೆ ಯಾರನ್ನಾದ್ರೂ ನೋಡ್ಕೋ.")

ಸರಿ. ಅಳಲಿಲ್ಲ. ಬಿಲ್ಲೆಯನ್ನು ಮೇಜಿನ ಮೇಲಿಟ್ಟು ಕೇಳಿದಳು:

"ಚೆನ್ನಾಗಿದೆ ಅಮ್ಮಾ. ಆದ್ರೆ ಆ ಎರಡು ಸೊನ್ನೆ ಯಾರದು?"

"ಯಾವ ಸೊನ್ನೆ?"

"ಅರ್ಜೀಲಿ ಬರೀ ಎಂಬತ್ತೆಂಟಿಲ್ಲ. ಎಂಬತ್ತೆಂಟು ಪಾಯಿಂಟ್ ಸೊನ್ನೆ ಸೊನ್ನೆ ಅಂತಿದೆ. ಆ ಫಾರ್ಮ್ ತಾನಾಗಿ ಸೊನ್ನೆ ಹಾಕಲ್ಲ, ನಾನು ನೋಡಿದೀನಿ. ಯಾರೋ ಹೇಳಿರ್ಬೇಕು."

ಅಷ್ಟರಲ್ಲಿ ಗಿರಾಕಿ ಬಂದರು. ದೇವರು ದೊಡ್ಡವನು. ಆಕೆಯ ಬ್ಲೌಸಿನ ತೋಳು ಬಿಗಿಯಾಗಿತ್ತಂತೆ. ಅಷ್ಟು ಪ್ರೀತಿಯಿಂದ ನಾನು ಯಾವ ತೋಳನ್ನೂ ಬಿಚ್ಚಿಕೊಟ್ಟಿಲ್ಲ.

5

ನೀವು ನೆನಪಿಟ್ಟುಕೊಂಡಿದ್ದೀರಿ, ಅಲ್ಲವೇ? ಎಂಬತ್ತೊಂದು ಪಾಯಿಂಟ್ ಒಂಬತ್ತು.

ಆ ವರ್ಷ ಒಂದು ಶಾಲೆಗೆ ಹೊಸ ಹೆಡ್‌ಮಾಸ್ಟರು ಬಂದರು. ವರ್ಷದ ನಡುವೆ, ಪರೀಕ್ಷೆಗೆ ಆರು ವಾರ ಇರುವಾಗ, ನೀಲಿ ಶರ್ಟು ಬೇಡ ಬೂದು ಶರ್ಟು ಬೇಕು ಅಂದರು. ನಾನೂರು ಶರ್ಟು. ನನ್ನ ಹತ್ತಿರ ಕಾಜಾ ಹಾಕಿ ಗುಂಡಿ ಹೊಲಿಯುತ್ತಿದ್ದವಳು ಹೆರಿಗೆಗೆ ಹೋಗಿದ್ದಳು. ಶರ್ಟಿಗೆ ಏಳು ಗುಂಡಿ. ಎರಡು ಸಾವಿರದ ಎಂಟುನೂರು ಗುಂಡಿ.

"ನಾನು ಹಾಕ್ತೀನಿ ಬಿಡಮ್ಮ," ಅಂದಳು ಮಗಳು. ನಾನು ಬೇಡ ಅನ್ನಬೇಕಿತ್ತು. ಅಂದೆ ಕೂಡ. ಒಂದು ಸಲ. ಕೇಳಿಸದಷ್ಟು ಮೆತ್ತಗೆ.

ಶಾಲೆಯಿಂದ ಬಂದು ಕೂರುತ್ತಿದ್ದಳು. ಪುಸ್ತಕವನ್ನು ಎದುರಿನ ಗೋಡೆಗೆ ಒರಗಿಸಿ, ಎರಡೂ ಕಡೆ ಇಸ್ತ್ರಿಪೆಟ್ಟಿಗೆ ಒತ್ತುಕೊಟ್ಟು ಓದುತ್ತಲೇ ಗುಂಡಿ ಹಾಕುತ್ತಿದ್ದಳು. ಪುಟ ತಿರುಗಿಸಬೇಕಾದರೆ "ಅಮ್ಮಾ, ಪುಟ" ಅನ್ನುತ್ತಿದ್ದಳು, ನಾನು ಮೆಷಿನ್ ನಿಲ್ಲಿಸಿ ಹೋಗಿ ತಿರುಗಿಸುತ್ತಿದ್ದೆ. ಹಾಗೆ ಆರು ವಾರ. ನಿಜ ಹೇಳಲೇ? ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ನನ್ನ ಜೀವನದ ಅತ್ಯಂತ ಸುಖದ ಆರು ವಾರ ಅವು. ಇಬ್ಬರೇ ಕೂತು, ಅವಳು ಗಟ್ಟಿಯಾಗಿ ಓದುವುದು, ನಾನು ಏನೂ ಅರ್ಥವಾಗದೆ "ಹೂಂ" ಅನ್ನುವುದು. ಬೂದು ಬಟ್ಟೆಯ ಗಂಜಿಯ ವಾಸನೆ ಈಗಲೂ ಎಲ್ಲಾದರೂ ಬಂದರೆ, "ಅಮ್ಮಾ, ಪುಟ" ಅಂತ ಕೇಳಿಸುತ್ತದೆ, ಎದ್ದೇಳಲು ಹೋಗುತ್ತೇನೆ.

ನನಗೆ ಸುಖ. ಅವಳಿಗೆ ಎಂಬತ್ತೊಂದು ಪಾಯಿಂಟ್ ಒಂಬತ್ತು.

ಅವಳ ಶಾಲೆಯ ಹಳೆಯ ಸ್ಕರ್ಟ್ ಒಂದನ್ನು ನಾನು ಎಸೆದಿಲ್ಲ. ಕೆಳಗಿನ ಮಡಿಕೆಯನ್ನು ನಾಲ್ಕು ವರ್ಷ ನಾಲ್ಕು ಸಲ ಬಿಚ್ಚಿ ಇಳಿಸಿದ್ದೆ. ಬಿಚ್ಚಿದಲ್ಲೆಲ್ಲ ಒಂದೊಂದು ಗೆರೆ, ಬಣ್ಣ ಮಾಸದೆ ಉಳಿದ ಗಾಢ ಗೆರೆ. ನಾಲ್ಕು ಗೆರೆಯನ್ನೂ ಬೆರಳಲ್ಲಿ ಮುಟ್ಟಿ, ಇದು ಹಲ್ಲು ಬಿದ್ದ ವರ್ಷ, ಇದು ಸೈಕಲ್ ಕಲಿತ ವರ್ಷ ಅಂತ ಹೇಳಬಲ್ಲೆ. ಅಂಕಪಟ್ಟಿಯನ್ನು ಮುಟ್ಟಿ ಏನೂ ಹೇಳಲಾಗುವುದಿಲ್ಲ. ಗುಂಡಿ ಹಾಕಿದ ವರ್ಷ ಯಾವುದು ಅಂತ ಅದರಲ್ಲಿ ಬರೆದಿಲ್ಲ. ಬರೀ 81.9.

(ಪೆನ್ಸಿಲ್: "ಆ ವರ್ಷ ನಾನು ಗುಂಡಿ ಹಾಕದೇ ಇದ್ದಿದ್ರೂ ಕೆಮಿಸ್ಟ್ರಿಲಿ ಕಮ್ಮೀನೇ ಬರ್ತಿತ್ತು. ನಂಗದು ತಲೆಗೆ ಹೋಗ್ತಿರಲಿಲ್ಲ. ಎಲ್ಲಾ ನಿಂದೇ ಅಂತ ಹೇಳ್ಕೋಬೇಡ. ಕಮ್ಮಿ ಮಾರ್ಕ್ಸಾದ್ರೂ ನಂದು ಅಂತ ಇರ್ಲಿ.")

ಈ ಪಾತ್ರ ಹೀಗೆಯೇ. ತಪ್ಪೊಪ್ಪಿಗೆಗೂ ಬಿಡುವುದಿಲ್ಲ.

6

ಪರೀಕ್ಷೆಗೆ ಹೆಸರು ಮೊದಲೇ ನೋಂದಾಯಿಸಿಯಾಗಿತ್ತು, ಆದರೆ ಅಂಕ ತುಂಬುವ ಅರ್ಜಿಯ ಕೊನೆಯ ದಿನವೂ ಪ್ರವೇಶ ಪರೀಕ್ಷೆಯ ದಿನವೂ ಒಂದೇ. ಒಂಬತ್ತು ಸಾವಿರ ಮಕ್ಕಳನ್ನು ಸೋಸಲು ಕೂತವರು ಇದನ್ನೂ ಒಂದು ಪರೀಕ್ಷೆ ಅಂತಲೇ ಇಟ್ಟಿರಬೇಕು. ಹಿಂದಿನ ವಾರವೆಲ್ಲ ವೆಬ್‌ಸೈಟ್ ತೆರೆದಿರಲಿಲ್ಲ. ಬೆಳಿಗ್ಗೆ ಪರೀಕ್ಷೆಗೆ ಹೊರಡುವಾಗ ಫೈಲು ನನ್ನ ಕೈಗಿಟ್ಟು, "ಎಲ್ಲಾ ಇದರಲ್ಲಿದೆ. ಇದ್ದ ಹಾಗೇ ತುಂಬಿಸಮ್ಮ," ಅಂದಳು.

ಕಂಪ್ಯೂಟರ್ ಅಂಗಡಿಯಲ್ಲಿ ಸರದಿ. ಮುಕ್ಕಾಲು ಗಂಟೆ ನಿಂತೆ. ಎದುರಿನ ಗೋಡೆಯ ಮೇಲೆ ಯಾವುದೋ ಟ್ಯೂಶನ್ನಿನವರು ಅಂಟಿಸಿದ ಕಾಗದವಿತ್ತು: ಕಳೆದ ವರ್ಷ ಯಾವ ವಿಷಯಕ್ಕೆ ಆಯ್ಕೆಯಾದವರಲ್ಲಿ ಅತಿ ಕಡಿಮೆ ಶಾಲಾ ಸರಾಸರಿ ಎಷ್ಟು ಅಂತ. ಇವಳ ವಿಷಯದ ಮುಂದೆ 88.

ನಾಲ್ಕನೇ ಕರಡಿನಲ್ಲಿ ಈ ಗೋಡೆ ಇರಲಿಲ್ಲ. ಗಮನಿಸಿದಿರಾ? ಇಡೀ ಗೋಡೆಯನ್ನೇ ಕಥೆಯಿಂದ ಕೆಡವಿದ್ದೆ. ಬರೆಯುವವರಿಗೆ ಅಷ್ಟೂ ಸ್ವಾತಂತ್ರ್ಯ ಇರುತ್ತದೆ.

ನನ್ನ ಸರದಿ ಬಂತು. ಅಣ್ಣ ಕನ್ನಡಕ ಏರಿಸಿಕೊಂಡರು.

"ಮೂರು ವರ್ಷದ್ದು ಸರಾಸರಿ ಹೇಳಕ್ಕಾ."

"ಎಂಬತ್ತೆಂಟು."

ಇಲ್ಲಿಯವರೆಗೆ ಮಾಸ್ತರ ಮೇಲೆ ಆಣೆ, ಅದು ಬಾಯಿಗೆ ತಾನಾಗಿ ಬಂದದ್ದು. ಗೋಡೆ ನೋಡಿದ್ದರಿಂದ ಬಂತೋ, ಇಪ್ಪತ್ತಾರು ವರ್ಷದ ರೂಢಿಯಿಂದ ಬಂತೋ, ಆ ಎರಡು ದಾರವನ್ನು ಬಿಡಿಸಲು ನನಗೆ ಆಗುತ್ತಿಲ್ಲ. ಒಂದೇ ಸೂಜಿಯಲ್ಲಿ ಎರಡೂ ಹೋಗಿವೆ.

ಆದರೆ ಅಣ್ಣ ಕುಟ್ಟುವುದು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಪಾಯಿಂಟ್ ಎಷ್ಟಕ್ಕಾ? ಪಾಯಿಂಟ್ ಆದ್ಮೇಲೆ ಎರಡು ಅಂಕಿ ಕೇಳ್ತಿದೆ ಇದು."

ಅಂಕಪಟ್ಟಿ ನನ್ನ ಕೈಯಲ್ಲೇ ಇತ್ತು. ಕೆಳಗೆ ನೋಡಿದೆ. ನಾಲ್ಕು ಕಂಡಿತು. ಚೆನ್ನಾಗಿಯೇ ಕಂಡಿತು. ಸೂಜಿಯ ಕಣ್ಣಿಗೆ ದಾರ ಪೋಣಿಸುವವಳು, ನನಗೆ ಕಣ್ಣಿನ ದೋಷವಿಲ್ಲ.

"ಸೊನ್ನೆ ಸೊನ್ನೆ," ಅಂದೆ.

ಫಲಿತಾಂಶದ ಪಟ್ಟಿ ಬಂದಾಗ ನೋಡಿದರೆ, ಕೊನೆಯ ಸೀಟು 89.1ಕ್ಕೆ ನಿಂತಿತ್ತು. 87.4ನ್ನೂ 91.2ನ್ನೂ ಕೂಡಿಸಿ ಅರ್ಧ ಮಾಡಿ ನೋಡಿ. ಮಾಡಿದಿರಾ? 89.3. ಇದ್ದ ಹಾಗೇ ತುಂಬಿದ್ದರೆ ಸೀಟು ಅವಳದೇ. ಅವಳಿಗೆ ನನ್ನ ಪಾಯಿಂಟ್ ಆರು ಬೇಕೇ ಇರಲಿಲ್ಲ. ಈಗ ಅವಳ ಹೆಸರಿನ ಮುಂದೆ ಒಂದು ನಕ್ಷತ್ರ ಇದೆ, ಕೆಳಗೆ ಸಣ್ಣಕ್ಷರದಲ್ಲಿ: "ಪರಿಶೀಲನೆಯಲ್ಲಿದೆ. ವಿವರಣೆ ತೃಪ್ತಿಕರವಲ್ಲದಿದ್ದರೆ ಅರ್ಜಿ ರದ್ದು."

ಮಗುವಿಗೆ ಅಳತೆ ಸರಿಯಾಗಿಯೇ ಇತ್ತು. ನಾನು ದೊಡ್ಡದು ಹೊಲಿದೆ.

(ಈ ಸಾಲನ್ನು ಮೂರು ಸಲ ಹೊಡೆದುಹಾಕಿ ಮೂರು ಸಲ ಬರೆದಿದ್ದೇನೆ. ಬಹಳ ಸರಿಯಾಗಿ ಕೂತಿದೆ ಅಂತಲೇ ಅನುಮಾನ. ನನ್ನ ಕೈಯಿಂದ ಮೊದಲ ಸಲಕ್ಕೇ ಸರಿಯಾಗಿ ಕೂತ ಬಟ್ಟೆ ಯಾವುದೂ ಇಲ್ಲ.)

8

(ಏಳನೆಯದು ನಮ್ಮನೆಯವರ ಸಲಹೆ: "ಕ್ಷಮಿಸಿ ಅಂತ ಬರ್ದು ಇಳಿದುಬಿಡು." ಅದಕ್ಕೆ ಪ್ರತ್ಯೇಕ ಅಧ್ಯಾಯ ಬೇಡ ಅನಿಸಿತು.)

ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೆ ಪತ್ರ ಸಿದ್ಧವಾಗಿತ್ತು. ಮಗಳು ನಿಂತುಕೊಂಡೇ ಓದಿದಳು.

"ಮಾನ್ಯರೇ, ಅಂಕಪಟ್ಟಿಯಲ್ಲಿರುವ 87.4 ಸರಿ. ಅರ್ಜಿಯಲ್ಲಿ 88.00 ಅಂತ ಬರೆಸಿದವಳು ನಾನು, ಅವಳ ತಾಯಿ. ಆಗ ಅವಳು ನಿಮ್ಮದೇ ಪರೀಕ್ಷೆಯ ಕೋಣೆಯಲ್ಲಿದ್ದಳು. ಇದ್ದ ಹಾಗೇ ತುಂಬಿಸು ಅಂತ ಹೇಳಿ ಹೋಗಿದ್ದಳು. ನಾನು ಮಕ್ಕಳ ಬಟ್ಟೆ ಹೊಲಿಯುವವಳು, ಅಂಕಿಯನ್ನು ಮೇಲಕ್ಕೆ ಸರಿಸಿ ಹೇಳುವುದು ನನ್ನ ಅಭ್ಯಾಸ. ಎಂಬತ್ತೆಂಟು ಅಂದದ್ದು ಆ ಅಭ್ಯಾಸ ಇರಬಹುದು. ಸೊನ್ನೆ ಸೊನ್ನೆ ಅಂದದ್ದು ಅಭ್ಯಾಸವಲ್ಲ."

ಕೆಳಗೆ ಸಹಿ. ಅಷ್ಟೇ. ಅರ್ಧ ಪುಟವೂ ಆಗಲಿಲ್ಲ.

"ಕೊನೇ ಸಾಲು," ಅಂದಳು.

"ತೆಗೀಲಾ? ತೆಗೆದ್ರೆ ಬಿಡ್ತಾರೇನೋ. ಅಭ್ಯಾಸ ಅಂತ ಅಷ್ಟಕ್ಕೇ ನಿಲ್ಲಿಸಿದ್ರೆ ಪಾಪ ಅಂತಾರೆ. ನಿನ್ನ ಸೀಟು ಕಣೇ ಇದು, ನೀನು ಹೇಳು."

ಮೇಜಿನ ಮೇಲೆ ಕತ್ತರಿ ಇತ್ತು, ಅದನ್ನೆತ್ತಿ ಪಕ್ಕಕ್ಕಿಟ್ಟಳು. ಕಾಗದವನ್ನು ಮತ್ತೆ ಓದಿದಳು. ಕಥೆಯಲ್ಲಾದರೆ ಇಲ್ಲಿ ಅವಳ ಮನಸ್ಸಿನೊಳಗೆ ಹೋಗಬಹುದಿತ್ತು. ನಾನು ಹದಿನೆಂಟು ವರ್ಷದಿಂದ ಪ್ರಯತ್ನಿಸುತ್ತಿದ್ದೇನೆ, ಬಾಗಿಲು ಎಲ್ಲಿದೆ ಅಂತಲೇ ಸಿಕ್ಕಿಲ್ಲ.

"ಇದ್ದ ಹಾಗೇ ಇರ್ಲಿ," ಅಂದಳು.

ಕಂಪ್ಯೂಟರ್ ಅಣ್ಣ ಸ್ಕ್ಯಾನ್ ಮಾಡುವಾಗ ಓದಿದರು. ಓದಲಿಲ್ಲ ಅನ್ನುವ ಹಾಗೆ ಮುಖ ಮಾಡಿದರು. "ಹೋಯ್ತಕ್ಕಾ," ಅಂದರು. ಹತ್ತೂ ನಲವತ್ತಾಗಿತ್ತು. ಹೇಳಿದ ಹೊತ್ತಿಗೆ ನಾನು ಕೊಟ್ಟ ಮೊದಲನೆಯ ಕೆಲಸ.

9, ಅಥವಾ ಅಂತ್ಯಗಳು

ಅಂತ್ಯ ಒಂದು: ಆಫೀಸಿನಲ್ಲಿ ಪತ್ರ ಓದಿದವರಿಗೂ ಒಬ್ಬ ಟೈಲರ್ ಅಮ್ಮ ಇದ್ದಳು. ನಕ್ಷತ್ರ ಅಳಿಸಿದರು. (ನನಗೇ ನಂಬಿಕೆ ಬರುತ್ತಿಲ್ಲ, ನಿಮಗೆ ಹೇಗೆ ಮಾರಲಿ?)

ಅಂತ್ಯ ಎರಡು: ರದ್ದು. ಮಗಳು ಬೇರೆ ಕಾಲೇಜು ಸೇರುತ್ತಾಳೆ, ಅಲ್ಲೂ ಚೆನ್ನಾಗಿಯೇ ಓದುತ್ತಾಳೆ, ಹತ್ತು ವರ್ಷದ ಮೇಲೆ ಯಾವುದೋ ಮಾತಿನ ನಡುವೆ "ಆ ಪಾಯಿಂಟ್ ಆರು" ಅಂತ ನಗುತ್ತಾಳೆ. ನಾನು ನಗುವುದಿಲ್ಲ.

ಅಂತ್ಯ ಮೂರನ್ನು ಮಗಳು ಬರೆದು, ಓದಲು ಬಿಡದೆ, ಮೇಲೆ ಸೀಮೆಸುಣ್ಣ ಉಜ್ಜಿದ್ದಾಳೆ.

ಉತ್ತರ ಬರಲು ಒಂದು ವಾರವಂತೆ. ನೀವು ಒಂದು ವಾರ ಈ ಪುಟ ಹಿಡಿದುಕೊಂಡು ಕೂರಲಾರಿರಿ, ಗೊತ್ತು. ನಾನು ಕೂರಬೇಕು. ಹಾಗಾಗಿ ಉತ್ತರದ ಬದಲು, ಅಂಗಡಿಗೆ ವಾಪಸ್ ಬಂದ ಮೇಲೆ ನಡೆದದ್ದನ್ನು ಹೇಳುತ್ತೇನೆ.

ಅವಳು ಒಳಗೆ ಬಂದವಳೇ ಚಪ್ಪಲಿ ಬಿಟ್ಟು ಕನ್ನಡಿಯ ಮುಂದೆ ನೆಟ್ಟಗೆ ನಿಂತಳು.

"ಅಳತೆ ತಗೋ."

"ಯಾಕೇ?"

"ಎಲ್ಲಿಗೆ ಹೋದ್ರೂ ಬಟ್ಟೆ ಬೇಕಲ್ವಾ. ಯೂನಿಫಾರ್ಮ್ ಮುಗೀತು. ಒಂದು ಪ್ಯಾಂಟ್ ಹೊಲಿದುಕೊಡು." ಕನ್ನಡಿಯಲ್ಲೇ ನನ್ನನ್ನು ನೋಡಿ, "ನಾನು ಎರಡು ವರ್ಷದಿಂದ ಬೆಳೆದಿಲ್ಲ ಅಮ್ಮಾ. ನೋಡಿದೀಯಾ?"

ನೋಡಿರಲಿಲ್ಲ. ಇಪ್ಪತ್ತಾರು ವರ್ಷ ಮುಂದಿನ ವರ್ಷವನ್ನೇ ಅಳೆದವಳಿಗೆ ಈ ವರ್ಷ ಕಾಣುವುದಾದರೂ ಹೇಗೆ?

ಕೊರಳಿಂದ ಟೇಪು ತೆಗೆದೆ. ಅದೇ ಹಳದಿ ಟೇಪಲ್ಲ, ಅದು ಯಾವತ್ತೋ ಹರಿದುಹೋಯಿತು. ಆದರೂ ಅರವತ್ತಕ್ಕೇ ಮುಗಿಯುವಂಥದ್ದು. ಪುಸ್ತಕಕ್ಕೆ ಕೈ ಚಾಚಿದರೆ ಅದು ಅಲ್ಲಿರಲಿಲ್ಲ. ಅವಳೇ ತೆಗೆದುಕೊಂಡು ಹೊಸ ಪುಟ ತೆರೆದಿದ್ದಳು. ಕಿವಿಯ ಮೇಲಿನ ನನ್ನ ಪೆನ್ಸಿಲನ್ನೂ ಎಳೆದುಕೊಂಡಳು.

"ನೀನು ಹೇಳ್ತಾ ಹೋಗು," ಅಂದಳು. "ನಾನು ಬರ್ಕೋತೀನಿ."

ಸೊಂಟದಲ್ಲಿ ಟೇಪಿನ ತುದಿ ಒತ್ತಿಹಿಡಿದು ಮಂಡಿಯೂರಿ ಕೂತೆ. ಟೇಪನ್ನು ಕಾಲಿನುದ್ದಕ್ಕೂ ಕೆಳಗೆ ಎಳೆದೆ. ಪಾದದ ಗಿಣ್ಣಿನ ಹತ್ತಿರ ನನ್ನ ಬೆರಳು ಎರಡು ಅಂಕಿಗಳ ನಡುವೆ ಒಂದು ಸಣ್ಣ ಗೆರೆಯ ಮೇಲೆ ನಿಂತಿದೆ. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿದೆ. ಮೇಲೆ ಪೆನ್ಸಿಲ್ ಕಾಗದಕ್ಕೆ ತಾಗಿ ಕಾಯುತ್ತಿದೆ. ಅವಳ ಕಾಲಿನ ಹೆಬ್ಬೆರಳು ನನ್ನ ಕೈಗೆ ಸಿಗುವಷ್ಟು ಹತ್ತಿರದಲ್ಲಿದೆ.

"ಎಷ್ಟಮ್ಮಾ?"